ಕಟ್ಟೆ, ಕಟ್‌ಟೆ ಮತ್ತು ಮೂವರು ಸ್ನೇಹಿತರು

(ದಾವಣಗೆರೆಯಲ್ಲಿ ಜವಳಿ ವಿನ್ಯಾಸ ಮತ್ತು ವಾಣಿಜ್ಯ ಓದುತ್ತಿರುವ ವಿದ್ಯಾರ್ಥಿಗಳ ಮುಂದೆ ಆಡಿದ ಮಾತಿನ ಬರಹ ರೂಪ. ಎರಡೆರಡು ಬಾರಿ ಹೇಳಿದ್ದನ್ನು ತೆಗೆದಿದ್ದೇನೆ. ಜಗಳಗಳನ್ನು ಹಾಗೆಯೇ ಬಿಟ್ಟಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ನೂರ ಇಪ್ಪತ್ತು ಟೀ ಶರ್ಟುಗಳು ತಮಿಳುನಾಡಿನ ತಿರುಪ್ಪೂರಿನಿಂದ ಬೆಂಗಳೂರಿಗೆ ಬಂದ ಸಂಜೆಯಿಂದ ಶುರು ಮಾಡುತ್ತೇನೆ. 2021ರ ಮಳೆಗಾಲ. ಬಾಡಿಗೆ ಮನೆಯ ಮೊದಲ ಮಹಡಿ, ಎರಡು ಕೋಣೆ. ಒಂದರಲ್ಲಿ ಬೀದಿ ಉಡುಪಿನ (ಸ್ಟ್ರೀಟ್‌ವೇರ್) ಬ್ರ್ಯಾಂಡ್ ಶುರು ಮಾಡಿದ್ದ ನಾವು ಮೂವರು, ಎಂದರೆ ನಾನು, ಒಬ್ಬ ಗೆಳೆಯ, ಒಬ್ಬ ಗೆಳತಿ. ಇನ್ನೊಂದರಲ್ಲಿ ರಟ್ಟಿನ ಪೆಟ್ಟಿಗೆಗಳು. ಪೆಟ್ಟಿಗೆ ಬಿಚ್ಚಿದವನು ನಾನೇ. ಕಪ್ಪು ಬಟ್ಟೆ, ಹಳದಿ ಅಕ್ಷರ. ಎದೆಯ ನಡುವೆ ಒಂದೇ ಒಂದು ಪದ ಬರಬೇಕಿತ್ತು: ಕಟ್ಟೆ. ಅರಳಿಕಟ್ಟೆ, ಹರಟೆಕಟ್ಟೆ, ಸೋಮಾರಿಕಟ್ಟೆ. ನ್ಯೂಯಾರ್ಕಿನ ಹುಡುಗರಿಗೆ ಬೀದಿಯ ಮೂಲೆ ಹೇಗೋ ನಮಗೆ ಕಟ್ಟೆ ಹಾಗೆ ಎಂದು ಮೂರು ವಾರ ತಲೆ ಕೆಡಿಸಿಕೊಂಡು ಕಂಡುಕೊಂಡಿದ್ದ ಪದ ಅದು. ಅಚ್ಚಾಗಿ ಬಂದದ್ದು ಮಾತ್ರ 'ಕಟ್‌ಟೆ'.

ನಗುತ್ತಿದ್ದೀರಿ. ಆ ದಿನ ನಾವು ನಗಲಿಲ್ಲ.

ಆದದ್ದು ಇಷ್ಟು. ವಿನ್ಯಾಸದ ಕಡತವನ್ನು ತಿರುಪ್ಪೂರಿನ ಅಚ್ಚಿನವರಿಗೆ ಕಳುಹಿಸುವಾಗ ಅಕ್ಷರಗಳನ್ನು ಚಿತ್ರರೇಖೆಗಳಾಗಿ ಬದಲಿಸಿ ಕಳುಹಿಸಬೇಕು. ನಾವು ಅಕ್ಷರವಾಗಿಯೇ ಕಳುಹಿಸಿದ್ದೆವು. ಅಲ್ಲಿನ ಕಂಪ್ಯೂಟರಿನಲ್ಲಿದ್ದ ತಂತ್ರಾಂಶಕ್ಕೆ ಕನ್ನಡದ ಒತ್ತಕ್ಷರ ಜೋಡಿಸಲು ಬರುತ್ತಿರಲಿಲ್ಲ. ಕೆಳಗೆ ಇಳಿಯಬೇಕಾದ ಒತ್ತು ಪಕ್ಕಕ್ಕೆ ಬಂದು ನಿಂತಿತು. ಅಚ್ಚು ಹಾಕುವ ಅಣ್ಣನಿಗೆ ಅದು ತಪ್ಪಾಗಿ ಕಾಣಲೇ ಇಲ್ಲ. ಏಕೆ ಕಾಣಬೇಕು? ತಮಿಳಿನಲ್ಲಿ ಒತ್ತಕ್ಷರವೇ ಇಲ್ಲ. ಅಕ್ಷರದ ತಲೆಯ ಮೇಲೆ ಪುಳ್ಳಿ ಎಂಬ ಚುಕ್ಕೆಯಿಟ್ಟು ಮುಂದಿನದನ್ನು ಪಕ್ಕದಲ್ಲೇ ಬರೆಯುತ್ತಾರೆ. ಅವರ ಕಣ್ಣಿಗೆ ನಮ್ಮ ಕಟ್‌ಟೆ ಸರಿಯಾಗಿಯೇ ಇತ್ತು.

ಅಚ್ಚಿಗೆ ಮುನ್ನ ಮಾದರಿ ತುಂಡೊಂದನ್ನು ಹಾಕಿ ತೋರಿಸುತ್ತಾರೆ. ಕೆಲಸದವರು ಅದನ್ನು ಸ್ಟ್ರೈಕ್ ಆಫ್ ಎನ್ನುತ್ತಾರೆ. ಅದರ ಫೋಟೋ ನಮ್ಮ ಮೂವರ ವಾಟ್ಸ್ಆ್ಯಪ್ ಗುಂಪಿಗೆ ಬಂದಿತ್ತು. ಮೂವರೂ ಹೆಬ್ಬೆರಳು ಎತ್ತಿದ್ದೆವು. ಗೆಳತಿ ನೋಡಿದ್ದಾಳೆ ಎಂದು ನಾನು, ನಾನು ನೋಡಿದ್ದೇನೆ ಎಂದು ಗೆಳೆಯ, ನಾವಿಬ್ಬರೂ ನೋಡಿದ್ದೇವೆ ಎಂದು ಗೆಳತಿ. ಮೂರು ಜನ ಕನ್ನಡಿಗರು, ಎರಡೂವರೆ ಅಕ್ಷರದ ಪದ ಓದಲಿಲ್ಲ.

ನನ್ನ ಇವತ್ತಿನ ಮಾತೆಲ್ಲ ಆ ಮೂರು ಹೆಬ್ಬೆರಳುಗಳ ಬಗ್ಗೆ. ಸ್ನೇಹಿತರು ಸೇರಿ ಬಟ್ಟೆಯ ಬ್ರ್ಯಾಂಡ್ ಮಾಡುವಾಗ 'ಚೆನ್ನಾಗಿದೆ' ಎನ್ನಲು ಎಲ್ಲರೂ ಇರುತ್ತಾರೆ. 'ಬೇಡ, ನಿಲ್ಲಿಸು' ಎನ್ನಲು ಯಾರಿಗೆ ಹಕ್ಕಿದೆ ಎಂದು ಯಾರೂ ತೀರ್ಮಾನಿಸಿರುವುದಿಲ್ಲ. ವಿನ್ಯಾಸವೇ ಮುಂದಾಳು ಎನ್ನುವ ಬ್ರ್ಯಾಂಡಿಗೆ ಇದಕ್ಕಿಂತ ದೊಡ್ಡ ತೂತು ಇನ್ನೊಂದಿಲ್ಲ.

ನಮ್ಮ ಬ್ರ್ಯಾಂಡಿನ ಹೆಸರನ್ನು ಹೇಳುವುದಿಲ್ಲ. ಹೇಳಿದರೆ ಉಪನ್ಯಾಸ ಜಾಹೀರಾತಾಗುತ್ತದೆ, ಸಂಘಟಕರು ಕೊಟ್ಟ ಕಾಫಿಗೆ ಅದು ನ್ಯಾಯವಲ್ಲ.

ನಾವು ಶುರು ಮಾಡಿದಾಗ ಮೂವರ ತಲೆಯಲ್ಲೂ ಇದ್ದದ್ದು ಟೋಕಿಯೊದ ಒಂದು ಅಂಗಡಿ. ಅಲ್ಲಿನ ಹರಾಜುಕು ಬಡಾವಣೆಯ ಹಿಂದಿನ ಗಲ್ಲಿಗಳಲ್ಲಿ 1993ರ ಏಪ್ರಿಲ್ 1ರಂದು ಇಬ್ಬರು ಗೆಳೆಯರು ತೆರೆದ ಅಂಗಡಿ ಅದು. ಹೆಸರು ನೋವೇರ್. ಒಬ್ಬ ನಿಗೊ, ಇನ್ನೊಬ್ಬ ಜುನ್ ತಕಹಾಶಿ. ಬುಂಕಾ ಫ್ಯಾಷನ್ ಕಾಲೇಜಿನಲ್ಲಿ ಪರಿಚಯವಾದವರು. ಪರಿಚಯಸ್ಥರೊಬ್ಬರಿಂದ 40 ಲಕ್ಷ ಯೆನ್ ಸಾಲ ತಂದಿದ್ದರು. ಅಂಗಡಿಯ ಒಂದು ಬದಿಯಲ್ಲಿ ತಕಹಾಶಿ ಅಂಡರ್‌ಕವರ್ ಎಂಬ ತನ್ನ ಬ್ರ್ಯಾಂಡಿನ ಬಟ್ಟೆಗಳನ್ನು ಇಟ್ಟ, ಇನ್ನೊಂದು ಬದಿಯಲ್ಲಿ ನಿಗೊ ಬೇರೆಯವರು ಮಾಡಿದ ಬಟ್ಟೆಗಳನ್ನು ತಂದು ಇಟ್ಟ. ಜನ ತಕಹಾಶಿಯ ಕಡೆಗೇ ಹೋದರು. ಆಗ ನಿಗೊ 'ಎ ಬೇಥಿಂಗ್ ಏಪ್' ಎಂಬ ತನ್ನದೇ ಬ್ರ್ಯಾಂಡ್ ಶುರು ಮಾಡಿದ. ಚಿತ್ರ ಬರೆದುಕೊಟ್ಟವನು ಸ್ಕೇಟ್‌ಥಿಂಗ್ ಎಂಬ ಇನ್ನೊಬ್ಬ ಗೆಳೆಯ. ವಾರಕ್ಕೆ ಮೂವತ್ತರಿಂದ ಐವತ್ತು ಟೀ ಶರ್ಟು. ಅದರಲ್ಲಿ ಅರ್ಧವನ್ನು ಗೆಳೆಯರಿಗೆ ಕೊಡುತ್ತಿದ್ದ, ಅರ್ಧವನ್ನು ಮಾರುತ್ತಿದ್ದ.

ನಾವು ಇದನ್ನು ಓದಿ ಏನು ತಿಳಿದುಕೊಂಡೆವು ಗೊತ್ತೇ? ಕಡಿಮೆ ಮಾಡಿದರೆ ಜನ ಮುಗಿಬೀಳುತ್ತಾರೆ, ಇದು ವ್ಯಾಪಾರದ ಮಂತ್ರ ಎಂದು. ಈಗ ಈ ರಂಗದಲ್ಲಿ ಅದಕ್ಕೊಂದು ಹೆಸರೂ ಇದೆ, ಡ್ರಾಪ್. ಇಂತಿಷ್ಟು ದಿನ, ಇಂತಿಷ್ಟು ಗಂಟೆಗೆ, ಇಂತಿಷ್ಟೇ ಅಂಗಿ. ನ್ಯೂಯಾರ್ಕಿನ ಲಫಾಯೆಟ್ ಬೀದಿಯಲ್ಲಿ 1994ರಲ್ಲಿ ಜೇಮ್ಸ್ ಜೆಬ್ಬಿಯಾ ತೆರೆದ ಸುಪ್ರೀಮ್ ಎಂಬ ಬೀದಿ ಉಡುಪಿನ ಅಂಗಡಿಯನ್ನು ಎಲ್ಲರೂ ಇದಕ್ಕೆ ಉದಾಹರಣೆ ಕೊಡುತ್ತಾರೆ. 2020ರಲ್ಲಿ ಅದು 210 ಕೋಟಿ ಡಾಲರಿಗೆ ಮಾರಾಟವಾಯಿತು, 2024ರಲ್ಲಿ ಕೊಂಡವರೇ ಅದನ್ನು 150 ಕೋಟಿ ಡಾಲರಿಗೆ ಮತ್ತೆ ಮಾರಿದರು. ಆ ಅಂಕಿಗಳನ್ನು ಕೇಳಿ ಬೆಂಗಳೂರಿನ ಬಾಡಿಗೆ ಕೋಣೆಯಲ್ಲಿ ಕುಳಿತವನ ಬಾಯಲ್ಲಿ ನೀರೂರುವುದು ಸಹಜ.

ನಿಗೊನ ಕಥೆಯ ಕೊನೆಯ ಭಾಗವನ್ನು ನಾವು ಓದಿರಲಿಲ್ಲ. ಅಂಗಡಿಗಳು ಹೆಚ್ಚಾದವು, ಕೆಫೆ ಬಂದಿತು, ಕ್ಷೌರದಂಗಡಿ ಬಂದಿತು, ಮಕ್ಕಳ ಬಟ್ಟೆ ಬಂದಿತು, ಜೊತೆಗೆ ಸಾಲವೂ ಬಂದಿತು. 2011ರಲ್ಲಿ ಹಾಂಕಾಂಗಿನ ಐ.ಟಿ ಎಂಬ ಉಡುಪು ಮಾರಾಟದ ಸಂಸ್ಥೆ ಅದರ ಶೇ 90ರಷ್ಟು ಪಾಲನ್ನು ಸುಮಾರು 28 ಲಕ್ಷ ಡಾಲರಿಗೆ ಕೊಂಡಿತು. ಜಗತ್ತಿನ ದೊಡ್ಡ ಗಾಯಕರೆಲ್ಲ ತೊಟ್ಟು ಮೆರೆಸಿದ ಹೆಸರಿಗೆ ಅಷ್ಟೇ ಬೆಲೆ. ಮೂವತ್ತು ಅಂಗಿ ಮಾಡುತ್ತಿದ್ದಾಗ ನಿಗೊನ ಕೈ ಕಟ್ಟಿದ್ದು ಹಣವಿಲ್ಲದ್ದು. ಹಣ ಬಂದ ಮೇಲೆ ಕೈ ಕಟ್ಟುವವರು ಯಾರೂ ಇರಲಿಲ್ಲ ಎಂದು ನನ್ನ ಊಹೆ. ನಿಗೊ ಮುಂದೆ 2021ರಲ್ಲಿ ಪ್ಯಾರಿಸ್ಸಿನ ಕೆಂಜೊ ಎಂಬ ಫ್ಯಾಷನ್ ಸಂಸ್ಥೆಯ ಕಲಾ ನಿರ್ದೇಶಕನಾದ, ಅವನ ಪ್ರತಿಭೆಗೆ ಏನೂ ಕುಂದಾಗಲಿಲ್ಲ. ನಿಮ್ಮ ಪ್ರತಿಭೆ ಉಳಿದು ನಿಮ್ಮ ಬ್ರ್ಯಾಂಡ್ ಹೋಗಬಹುದು, ಎರಡೂ ಬೇರೆ ಬೇರೆ.

ಈಗ ಬಟ್ಟೆಗೆ ಬರುತ್ತೇನೆ. ದಾವಣಗೆರೆಯಲ್ಲಿ ನಿಂತು ಬಟ್ಟೆಯ ವಿಷಯ ಮಾತನಾಡಲು ಸ್ವಲ್ಪ ಭಯವಾಗುತ್ತದೆ. ಒಂದು ಕಾಲಕ್ಕೆ ಕರ್ನಾಟಕದ ಮ್ಯಾಂಚೆಸ್ಟರ್ ಎನಿಸಿಕೊಂಡ ಊರು. ನಮ್ಮ ಅಜ್ಜ ಇಲ್ಲಿಯ ಹತ್ತಿ ಗಿರಣಿಯೊಂದರ ನೂಲುವ ವಿಭಾಗದಲ್ಲಿದ್ದವರು. ನಮ್ಮ ಮೊದಲ ಮಾದರಿ ಅಂಗಿಯನ್ನು ಅವರ ಕೈಗೆ ಕೊಟ್ಟೆ. ಎದೆಯ ಮೇಲಿನ ಚಿತ್ರವನ್ನು ಅವರು ನೋಡಲೇ ಇಲ್ಲ. ಅಂಗಿಯನ್ನು ಒಳಮೈ ಹೊರಕ್ಕೆ ತಿರುಗಿಸಿದರು, ಕಿಟಕಿಯ ಬೆಳಕಿಗೆ ಹಿಡಿದರು, ಎರಡು ಬೆರಳಲ್ಲಿ ಉಜ್ಜಿದರು. "ಬಾಚದ ನೂಲು ಇದು. ಮೂರು ಒಗೆತಕ್ಕೆ ಉಂಡೆ ಏಳುತ್ತದೆ" ಎಂದರು. ಬಾಚಿದ ನೂಲೆಂದು, ಎಂದರೆ ಕೋಂಬ್ಡ್ ಎಂದು, ನಮಗೆ ಮಾರಿದವರು ಹೇಳಿದ್ದರು. ಬಾಚಿದರೆ ಹತ್ತಿಯ ಗಿಡ್ಡ ಎಳೆಗಳು ಉದುರಿಹೋಗಿ ಉದ್ದನೆಯವು ಮಾತ್ರ ಉಳಿಯುತ್ತವೆ, ಬಟ್ಟೆ ನುಣುಪಾಗುತ್ತದೆ. ಬಾಚದಿದ್ದರೆ ಗಿಡ್ಡ ಎಳೆಗಳು ಒಗೆದಂತೆಲ್ಲ ಹೊರಗೆ ತಲೆ ಹಾಕಿ, ಸುತ್ತಿಕೊಂಡು, ಉಂಡೆ ಕಟ್ಟುತ್ತವೆ. ಅಜ್ಜ ಹೇಳಿದ್ದು ಮೂರು ಒಗೆತ. ಎರಡಕ್ಕೇ ಎದ್ದಿತು.

ಆಮೇಲೆ ನಾವು ಕಲಿಯಲು ಕುಳಿತೆವು. ನಿಮ್ಮಲ್ಲಿ ಯಾರಾದರೂ ಈ ಕೆಲಸಕ್ಕೆ ಇಳಿಯುವುದಾದರೆ ಕಂಪ್ಯೂಟರ್ ಕೊಳ್ಳುವ ಮುನ್ನ ಬಟ್ಟೆ ಕತ್ತರಿಸುವ ದುಂಡನೆಯ ಜಿಎಸ್‌ಎಂ ಕಟ್ಟರ್ ಮತ್ತು ಗ್ರಾಂ ತೂಗುವ ತಕ್ಕಡಿ ಕೊಳ್ಳಿ. ಆ ಕಟ್ಟರ್ ಸರಿಯಾಗಿ 100 ಚದರ ಸೆಂಟಿಮೀಟರಿನ ಬಿಲ್ಲೆ ಕತ್ತರಿಸುತ್ತದೆ. ಅದು 2.4 ಗ್ರಾಂ ತೂಗಿದರೆ ಚದರ ಮೀಟರಿಗೆ 240 ಗ್ರಾಂ, ಅದೇ ಜಿಎಸ್‌ಎಂ. ಒಳಗೆ ಬನಿಯನ್ನಿನಂತೆ ಅಂಟಿಕೊಳ್ಳುವ ಅಂಗಿ 160ರ ಆಸುಪಾಸಿನದು. ಈಗ ಹುಡುಗರು ಬಯಸುವ, ಭುಜ ಕೆಳಗಿಳಿದ, ಮೈಗೆ ತಾಗದೆ ನಿಲ್ಲುವ ಸಡಿಲ ಅಂಗಿಗೆ 220, 240 ಬೇಕು. ಸಡಿಲ ಅಂಗಿ ಎಂದರೆ ದೊಡ್ಡ ಅಳತೆಯ ಅಂಗಿ ಎಂದು ನಾವು ಮೊದಲು ತಿಳಿದಿದ್ದೆವು. ಎಲ್ ಅಳತೆಯ ಮಾದರಿ ಕಾಗದವನ್ನೇ ಎಲ್ಲ ಕಡೆ ಹಿಗ್ಗಿಸಿದೆವು. ಹಾಕಿಕೊಂಡವರು ಅಣ್ಣನ ಅಂಗಿ ತೊಟ್ಟ ತಮ್ಮನಂತೆ ಕಂಡರು. ಭುಜವನ್ನು ಇಳಿಸಬೇಕು, ಅಗಲ ಕೊಡಬೇಕು, ಆದರೆ ಕೊರಳು ಸಡಿಲವಾಗಬಾರದು, ಉದ್ದ ಹೆಚ್ಚಾಗಬಾರದು. ಕೊರಳಪಟ್ಟಿ ಒಂದೂವರೆ ಸೆಂಟಿಮೀಟರ್ ಇದ್ದಾಗ ಸಾದಾ ಅಂಗಿ, ಎರಡೂವರೆಗೆ ಹೋದರೆ ಇಡೀ ಅಂಗಿಯ ಗತ್ತೇ ಬೇರೆ. ಒಂದು ಸೆಂಟಿಮೀಟರಿನಲ್ಲಿ ಇಷ್ಟು ವ್ಯತ್ಯಾಸವಾಗುವುದನ್ನು ನಾನು ಎದೆಯ ಚಿತ್ರದಲ್ಲಿ ಯಾವತ್ತೂ ಕಂಡಿಲ್ಲ.

ಇನ್ನೊಂದು ತಮಾಷೆ ಇದೆ. ಅಗ್ಗದ ಟೀ ಶರ್ಟನ್ನು ನಾಲ್ಕು ಬಾರಿ ಒಗೆದ ಮೇಲೆ ಪಕ್ಕದ ಹೊಲಿಗೆ ನಿಧಾನವಾಗಿ ನಡೆದು ಹೊಟ್ಟೆಯ ಮೇಲೆ ಬರುವುದನ್ನು ಎಲ್ಲರೂ ನೋಡಿದ್ದೀರಿ. ದರ್ಜಿಯ ತಪ್ಪಲ್ಲ ಅದು. ನೂಲಿಗೆ ಹುರಿ ಕೊಟ್ಟಿರುತ್ತಾರೆ, ಹೆಣೆದ ಬಟ್ಟೆಯಲ್ಲಿ ಆ ಹುರಿ ಬಿಚ್ಚಿಕೊಳ್ಳಲು ಹವಣಿಸುತ್ತದೆ, ಅಂಗಿಯೇ ತಿರುಚಿಕೊಳ್ಳುತ್ತದೆ. ಅದನ್ನು ತಡೆಯುವುದು ಬಟ್ಟೆಯನ್ನು ಹದಗೊಳಿಸುವ ಹಂತದಲ್ಲಿ. ನಾವು ಪ್ರತಿ ತಾನಿನಿಂದ ಒಂದು ತುಂಡು ತಂದು, ಚೌಕ ಗೆರೆ ಹಾಕಿ, ಮನೆಯ ವಾಷಿಂಗ್ ಮೆಷೀನಿನಲ್ಲಿ ಒಗೆದು, ಗೆರೆ ಎಷ್ಟು ಓರೆಯಾಯಿತು ಎಂದು ಅಳೆಯುತ್ತಿದ್ದೆವು. ಮನೆ ಮಾಲಕಿ ನೀರಿನ ಬಿಲ್ಲು ಹಿಡಿದು ಮೇಲೆ ಬಂದದ್ದು ಬೇರೆ ಕಥೆ.

ಬಣ್ಣದ ವಿಷಯದಲ್ಲಿ ಮೂವರು ಮೊದಲ ಸಲ ಗಟ್ಟಿಯಾಗಿ ಜಗಳವಾಡಿದೆವು. ಗೆಳತಿ, ನಮ್ಮ ಮೂವರಲ್ಲಿ ವಿನ್ಯಾಸ ಕಲಿತವಳು ಅವಳೊಬ್ಬಳೇ, ಕೆಮ್ಮಣ್ಣಿನ ಬಣ್ಣವೊಂದನ್ನು ಹಟ ಹಿಡಿದಿದ್ದಳು. ಮನೆಯ ಮುಂದಿನ ಜಗುಲಿಗೆ ಬಳಿಯುವ ಕೆಮ್ಮಣ್ಣು. ನಾವೂ ಒಪ್ಪಿದೆವು. ಆದರೆ ಗೆಳೆಯ, ಮಾರಾಟದ ಜವಾಬ್ದಾರಿ ಅವನದು, ಒಂದೇ ಬಣ್ಣ ಸಾಲದು, ಹುಡುಗರು ಆಯ್ಕೆ ಕೇಳುತ್ತಾರೆ, ಐದಾದರೂ ಬೇಕು ಎಂದ. ನಾವು ಹೋದ ಬಣ್ಣದ ಕಾರ್ಖಾನೆಯವರು ಒಂದು ಬಣ್ಣಕ್ಕೆ ನೂರು ಕಿಲೋಗಿಂತ ಕಡಿಮೆ ಬಟ್ಟೆ ಅದ್ದುತ್ತಿರಲಿಲ್ಲ. ದಪ್ಪ ಬಟ್ಟೆಯಲ್ಲಿ, ಕತ್ತರಿಸಿ ಹೋದದ್ದು ಕಳೆದು, ಕಿಲೋಗೆ ಮೂರು ಅಂಗಿ. ನೂರು ಕಿಲೋ ಎಂದರೆ ಮುನ್ನೂರು ಅಂಗಿ. ಐದು ಬಣ್ಣ ಎಂದರೆ ಸಾವಿರದ ಐನೂರು. ನೂರು ಅಂಗಿ ಮಾರಲೂ ಏದುಸಿರು ಬಿಡುತ್ತಿದ್ದವರು ನಾವು. ಗೆಳತಿ ಬೇಡ ಎಂದಳು. ನಾನು ಗೆಳೆಯನ ಪರ ಕೈ ಎತ್ತಿದೆ. ಎರಡಕ್ಕೆ ಒಂದು. ರಾಜಿಯಾಗಿ ಮೂರು ಬಣ್ಣ ಆಯಿತು. ಕೆಮ್ಮಣ್ಣು ಮಾರಾಟವಾಯಿತು. ಪಾಚಿ ಹಸಿರು, ಬೂದು ನೀಲಿ ಎರಡೂ ಪೆಟ್ಟಿಗೆಯಲ್ಲೇ ಎರಡು ದೀಪಾವಳಿ ಕಂಡವು.

ಬಣ್ಣ ಎಂದಾಗ ಇನ್ನೊಂದು ಮಾತು ಹೇಳದೆ ಮುಂದೆ ಹೋಗಲಾರೆ. ತಿರುಪ್ಪೂರು ನೊಯ್ಯಲ್ ನದಿಯ ದಂಡೆಯಲ್ಲಿದೆ. ಬಣ್ಣದ ನೀರು ಹರಿದು ಹರಿದು, ಕೆಳಗಿನ ಒರತ್ತುಪ್ಪಾಳಯಂ ಅಣೆಕಟ್ಟೆಯ ನೀರನ್ನು ಹೊಲಕ್ಕೆ ಬಿಡಬೇಡಿ ಎಂದು ರೈತರೇ ಕೇಳಿಕೊಳ್ಳುವ ಸ್ಥಿತಿ ಬಂದಿತ್ತು. ನೀರಾವರಿಗೆಂದು ಕಟ್ಟಿದ ಅಣೆಕಟ್ಟೆ ಅದು. 2011ರಲ್ಲಿ ಮದ್ರಾಸ್ ಹೈಕೋರ್ಟ್ ಬಣ್ಣದ ಘಟಕಗಳನ್ನು ಮುಚ್ಚಿಸಿತು. ಬಳಸಿದ ನೀರಿನ ಒಂದು ಹನಿಯೂ ಹೊರಗೆ ಹೋಗದಂತೆ ಶುದ್ಧೀಕರಿಸಿದರೆ ಮಾತ್ರ ತೆರೆಯಬೇಕು ಎಂಬ ಷರತ್ತು. ಕಾರ್ಖಾನೆಯವರು ನೂರು ಕಿಲೋ ಎಂದು ಹಟ ಮಾಡುವಾಗ ನಮಗೆ ಕೋಪ ಬರುತ್ತಿತ್ತು. ಆ ಶುದ್ಧೀಕರಣದ ಖರ್ಚನ್ನು ಯಾರೋ ಹೊರಬೇಕಲ್ಲ ಎಂಬುದು ತಡವಾಗಿ ತಲೆಗೆ ಹೋಯಿತು. ಪೆಟ್ಟಿಗೆಯಲ್ಲಿ ಕುಳಿತ ಆರುನೂರು ಅಂಗಿಗಳಿಗೂ ಅಷ್ಟೇ ನೀರು ಖರ್ಚಾಗಿತ್ತು.

ಅಕ್ಷರಗಳ ಮಾತು. ಕನ್ನಡ ಅಕ್ಷರವನ್ನು ಬಟ್ಟೆಯ ಮೇಲೆ ಹಾಕುವುದು ಇಂಗ್ಲಿಷಿನಷ್ಟು ಸುಲಭವಲ್ಲ. ಇಂಗ್ಲಿಷಿನ ದೊಡ್ಡ ಅಕ್ಷರಗಳು ಇಟ್ಟಿಗೆಗಳಿದ್ದಂತೆ, ಒಂದರ ಮೇಲೊಂದು ಸಾಲು ಪೇರಿಸಬಹುದು. ನಮ್ಮಲ್ಲಿ ಮೇಲೆ ತಲೆಕಟ್ಟು, ಗುಡಿಸು, ಕೆಳಗೆ ಒತ್ತು, ಪಕ್ಕದಲ್ಲಿ ದೀರ್ಘ. ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ಡಿಕ್ಕಿ ಹೊಡೆಯುತ್ತದೆ. ಸಾಲುಗಳನ್ನು ದೂರ ಮಾಡಿದರೆ ಪದಗಳು ನಂಟು ಕಳಚಿಕೊಂಡಂತೆ ಕಾಣುತ್ತವೆ. ಇದಲ್ಲದೆ ಶಾಯಿಗೆ ಹರಡುವ ಗುಣ. ಅಚ್ಚಿನ ಜಾಲರಿಯ (ಸ್ಕ್ರೀನ್) ಮೂಲಕ ಒತ್ತಿದ ಶಾಯಿ ಬಟ್ಟೆಯ ಎಳೆಗಳಲ್ಲಿ ಕೂದಲೆಳೆಯಷ್ಟು ಹಿಗ್ಗುತ್ತದೆ. 'ಠ'ದ ನಡುವಿನ ಚುಕ್ಕೆ ಸುತ್ತಿನ ಗೆರೆಗೆ ಅಂಟಿಕೊಂಡರೆ ಅದು ಬೊಟ್ಟಾಗುತ್ತದೆ. ಕಂಪ್ಯೂಟರಿನ ಪರದೆಯ ಮೇಲೆ ಸೊಗಸಾಗಿ ಕಂಡ ತೆಳು ಅಕ್ಷರ ಬಟ್ಟೆಯ ಮೇಲೆ ಸತ್ತಿರುತ್ತದೆ.

ಇದನ್ನೆಲ್ಲ ಬಲ್ಲವರು ಈ ಊರಿನಲ್ಲೇ ಇದ್ದರು. ಅಂಗಡಿಗಳ ನಾಮಫಲಕ ಬರೆಯುತ್ತಿದ್ದ ಹಿರಿಯರೊಬ್ಬರು. ಫ್ಲೆಕ್ಸ್ ಬಂದ ಮೇಲೆ ಅವರಿಗೆ ಕೆಲಸ ಕಡಿಮೆಯಾಗಿತ್ತು. ಕಟ್‌ಟೆ ಪ್ರಸಂಗದ ನಂತರ ಗೆಳತಿ ಅವರ ಮನೆಗೆ ಹೋಗಿ ಕುಳಿತಳು. ಅವರು ಬ್ರಷ್ಷಿನಲ್ಲಿ 'ಕಟ್ಟೆ' ಬರೆದರು. ಒತ್ತನ್ನು ಕೆಳಗೆ ಬಾಲದಂತೆ ಎಳೆದು, ಅದರ ಮೇಲೆ ಇಡೀ ಪದವನ್ನೇ ಕೂರಿಸಿದರು. ಪದವೇ ಕಟ್ಟೆಯ ಮೇಲೆ ಕುಳಿತಂತೆ. ನಾವು ಮೂರು ವಾರ ಕಂಪ್ಯೂಟರಿನಲ್ಲಿ ಮಾಡಲಾಗದ್ದನ್ನು ಹತ್ತು ನಿಮಿಷದಲ್ಲಿ ಮಾಡಿ, ಕೈ ಒರೆಸಿಕೊಂಡು, "ಇನ್ನೇನಾದರೂ ಇದೆಯಾ ತಾಯಿ?" ಎಂದು ಕೇಳಿದರಂತೆ.

ಅವರಿಗೆ ಏನು ಕೊಡಬೇಕು? ಗೆಳೆಯ ಒಂದೇ ಸಲ ಎರಡು ಸಾವಿರ ಕೊಟ್ಟು ಮುಗಿಸೋಣ ಎಂದ. ಮಾರುಕಟ್ಟೆಯ ದರ ಅದಕ್ಕಿಂತ ಕಡಿಮೆಯೇ ಇತ್ತು. ಗೆಳತಿ ಪ್ರತಿ ಅಂಗಿಗೆ ಹತ್ತು ರೂಪಾಯಿ ಎಂದು ಬರೆದುಕೊಡಬೇಕು ಎಂದಳು. ಈ ಸಲ ನಾನು ಅವಳ ಪರ ಕೈ ಎತ್ತಿದೆ. ಧರ್ಮಬುದ್ಧಿಯಿಂದ ಎತ್ತಿದೆ ಎಂದು ಹೇಳಿಕೊಳ್ಳಲಾರೆ, ಬೂದು ನೀಲಿಯ ಪಾಪ ಪ್ರಜ್ಞೆ ಕಾಡುತ್ತಿತ್ತು. ಆ ಅಂಗಿ ಇವತ್ತಿಗೂ ನಾವು ಅತಿ ಹೆಚ್ಚು ಮಾರಿದ ಅಂಗಿ.

ಬೀದಿ ಉಡುಪು ಎಂದ ಕೂಡಲೇ ಅಮೆರಿಕದ ಸ್ಕೇಟ್ ಹಲಗೆಯನ್ನೇ ನೆನೆಯಬೇಕಾಗಿಲ್ಲ. ಶಾನ್ ಸ್ಟೂಸ್ಸಿ ಕ್ಯಾಲಿಫೋರ್ನಿಯಾದ ಲಗೂನಾ ಬೀಚಿನಲ್ಲಿ ಅಲೆಯ ಮೇಲೆ ಜಾರುವ ಹಲಗೆ ಮಾಡುತ್ತಿದ್ದ. ಹಲಗೆಯ ಮೇಲೆ ಹಾಕುತ್ತಿದ್ದ ತನ್ನ ಸಹಿಯನ್ನೇ ಟೀ ಶರ್ಟಿನ ಮೇಲೆ ಹಾಕಿದ. ನ್ಯೂಯಾರ್ಕಿನ ಹಾಲಿಸ್ ಎಂಬ ಬಡಾವಣೆಯ ಡೇಮಂಡ್ ಜಾನ್ ಮತ್ತು ಅವನ ಮೂವರು ಗೆಳೆಯರು 1992ರಲ್ಲಿ ಫುಬು ಶುರು ಮಾಡಿದ್ದು ಮನೆಯಲ್ಲಿ ಹೊಲಿದ ಟೋಪಿಗಳಿಂದ. ನಮಗಾಗಿ, ನಮ್ಮಿಂದ ಎಂಬುದು ಆ ಹೆಸರಿನ ಅರ್ಥ. ಬಂಡವಾಳಕ್ಕೆ ಡೇಮಂಡನ ತಾಯಿ ಮನೆಯನ್ನೇ ಅಡವಿಟ್ಟರು. ಅವರವರ ಬೀದಿಯಲ್ಲಿ ಇದ್ದದ್ದನ್ನು ಅವರವರು ಎತ್ತಿಕೊಂಡರು. ನಮ್ಮ ಬೀದಿಯಲ್ಲಿ ಏನಿತ್ತು? ಪಟಾಪಟ್ಟಿ ಚಡ್ಡಿ ಇತ್ತು. ಲುಂಗಿ ಎತ್ತಿ ಕಟ್ಟಿದ ಕೂಡಲೇ ಕೆಳಗೆ ಇಣುಕುವ ಆ ಗೆರೆ ಗೆರೆ ಹತ್ತಿ ಬಟ್ಟೆಗಿಂತ ದೊಡ್ಡ ಬೀದಿ ಉಡುಪು ಕರ್ನಾಟಕದಲ್ಲಿ ಯಾವುದಿದೆ? ಅದೇ ಗೆರೆಯ ಬಟ್ಟೆಯಲ್ಲಿ ಮೊಣಕಾಲಿನ ಕೆಳಗೆ ಬರುವ ಸಡಿಲ ಪ್ಯಾಂಟು ಹೊಲಿಸಿದೆವು, ದೊಡ್ಡ ಜೇಬು ಇಟ್ಟೆವು. ನಮ್ಮ ತಂದೆ ಮಾತ್ರ ಅದನ್ನು ಹಾಕಿಕೊಂಡು ಮನೆಯಿಂದ ಹೊರಗೆ ಕಾಲಿಡಬಾರದು ಎಂದು ಕಟ್ಟಪ್ಪಣೆ ಮಾಡಿದರು.

ಹಣದ ಲೆಕ್ಕವನ್ನು ಬೇಗ ಹೇಳಿ ಮುಗಿಸುತ್ತೇನೆ. ಮೂವರೂ ತಲಾ ಒಂದೂವರೆ ಲಕ್ಷ ಹಾಕಿದ್ದೆವು. ಒಂದು ಅಂಗಿಗೆ ಬಟ್ಟೆ 170, ಕತ್ತರಿಸಿ ಹೊಲಿಯಲು 85, ಅಚ್ಚು 60, ಪಟ್ಟಿ, ಚೀಲ ಎಲ್ಲ ಸೇರಿ 25. ಒಟ್ಟು 340. ಮಾರುವ ಬೆಲೆ 1,049. ಏಕೆ 1,049? ಆಗ ಜಿಎಸ್‌ಟಿ ಬಿಟ್ಟು ಸಾವಿರ ರೂಪಾಯಿವರೆಗಿನ ಉಡುಪಿಗೆ ತೆರಿಗೆ ಶೇ 5, ಅದನ್ನು ದಾಟಿದರೆ ಶೇ 12. ಬೆಲೆಯನ್ನು 1,199ಕ್ಕೆ ಏರಿಸಿದರೆ ಗ್ರಾಹಕ 150 ರೂಪಾಯಿ ಹೆಚ್ಚು ಕೊಡುತ್ತಿದ್ದ, ನಮಗೆ ದಕ್ಕುತ್ತಿದ್ದದ್ದು 71 ಚಿಲ್ಲರೆ. ಹಾಗಾಗಿ ಕೊರಳಪಟ್ಟಿ ಎಷ್ಟು ದಪ್ಪವಿರಬೇಕು, ಅಚ್ಚಿಗೆ ಎಷ್ಟು ಬಣ್ಣ ಎಂಬುದನ್ನು ತೆರಿಗೆಯ ಗೆರೆಯೇ ತೀರ್ಮಾನಿಸುತ್ತಿತ್ತು. 2025ರ ಸೆಪ್ಟೆಂಬರ್ 22ರಿಂದ ಆ ಗೆರೆ 2,500 ರೂಪಾಯಿಗೆ ಸರಿದಿದೆ, ಅದರ ಮೇಲೆ ಶೇ 18. ನೀವು ಶುರು ಮಾಡುವ ಹೊತ್ತಿಗೆ ನಿಮಗೆ ನಮಗಿಂತ ಹೆಚ್ಚು ಜಾಗವಿದೆ. ನಮ್ಮ 1,049ರಲ್ಲಿ ಆ 340, ತೆರಿಗೆ, ಕೊರಿಯರ್, ಹಣ ಪಾವತಿಯ ಶುಲ್ಕ ಕಳೆದರೆ ಅಂಗಿಗೆ ಐನೂರ ಐವತ್ತು ಉಳಿದಂತೆ ಕಾಣುತ್ತದೆ. ಕಾಣುತ್ತದೆ ಅಷ್ಟೇ. ಮನೆ ಬಾಗಿಲಲ್ಲಿ ಹಣ ಕೊಡುತ್ತೇವೆಂದವರು ಬಾಗಿಲು ತೆರೆಯದಿದ್ದರೆ ಹೋಗುವ ಕೊರಿಯರ್, ಬರುವ ಕೊರಿಯರ್ ಎರಡೂ ನಮ್ಮ ತಲೆಗೆ. ಫೋಟೋ, ಬಾಡಿಗೆ, ಜಾಹೀರಾತು ಬೇರೆ. ಮೊದಲ ಎರಡು ವರ್ಷ ಮೂವರೂ ಒಂದು ರೂಪಾಯಿ ಸಂಬಳ ತೆಗೆದುಕೊಳ್ಳಲಿಲ್ಲ.

ಅಲ್ಲೇ ನಿಜವಾದ ತೊಡಕು ಇದ್ದದ್ದು. ನಮ್ಮ ನಡುವೆ ಕಾಗದವೇ ಇರಲಿಲ್ಲ. ಎಂಟನೆಯ ತರಗತಿಯಿಂದ ಸ್ನೇಹಿತರು, ಕಾಗದ ಕೇಳಿದರೆ ಅವಮಾನ ಎಂಬ ಭಾವನೆ. ಕಾಗದವಿಲ್ಲದಿದ್ದರೆ ಏನಾಗುತ್ತದೆ ಎಂದು ವಾಣಿಜ್ಯ ಓದುವವರಿಗೆ ಗೊತ್ತಿರುತ್ತದೆ, ವಿನ್ಯಾಸ ಓದುವವರು ದಯವಿಟ್ಟು ಕೇಳಿಸಿಕೊಳ್ಳಿ. ನೀವು ಬರೆದುಕೊಳ್ಳದಿದ್ದರೆ ಸರ್ಕಾರ 1932ರಲ್ಲೇ ನಿಮಗಾಗಿ ಬರೆದಿಟ್ಟಿದೆ. ಪಾಲುದಾರಿಕೆ ಕಾಯ್ದೆಯ 13ನೇ ಕಲಮಿನ ಪ್ರಕಾರ, ಬೇರೆ ಒಪ್ಪಂದವಿಲ್ಲದಿದ್ದರೆ, ಲಾಭದಲ್ಲಿ ಸಮಪಾಲು, ನಷ್ಟದಲ್ಲೂ ಸಮಪಾಲು. ವ್ಯವಹಾರದಲ್ಲಿ ದುಡಿದದ್ದಕ್ಕೆ ಸಂಬಳ ಕೇಳುವ ಹಕ್ಕಿಲ್ಲ. ಒಬ್ಬಳು ರಾತ್ರಿ ಎರಡರವರೆಗೆ ಅಕ್ಷರ ತಿದ್ದುತ್ತಾಳೆ, ಇನ್ನೊಬ್ಬ ಭಾನುವಾರ ಮಾತ್ರ ಬರುತ್ತಾನೆ, ಪಾಲು ಒಂದೇ. ಇದಾದರೂ ಸಹಿಸಬಹುದು. 12ನೇ ಕಲಮು ಇನ್ನೂ ಸ್ವಾರಸ್ಯದ್ದು. ದಿನನಿತ್ಯದ ವಿಷಯಗಳಲ್ಲಿ ಭಿನ್ನಾಭಿಪ್ರಾಯ ಬಂದರೆ ಬಹುಮತದ ಮಾತು ನಡೆಯುತ್ತದೆ. ಮೂವರಲ್ಲಿ ವಿನ್ಯಾಸ ಬಲ್ಲವಳು ಒಬ್ಬಳಿದ್ದರೆ ಬಟ್ಟೆಯ ವಿಷಯದಲ್ಲಿ ಅವಳು ಜೀವನವಿಡೀ ಎರಡಕ್ಕೆ ಒಂದರಲ್ಲಿ ಸೋಲಬಹುದು. ಹೊರಗೆ ನಾವು ವಿನ್ಯಾಸವೇ ನಮ್ಮ ಪ್ರಾಣ ಎಂದು ಬರೆದುಕೊಂಡಿದ್ದೆವು. ಒಳಗೆ ಕಾನೂನಿನ ಪ್ರಕಾರ ವಿನ್ಯಾಸಕ್ಕೆ ಅಲ್ಪಮತ.

ಮೂರನೆಯ ವರ್ಷ ಗೆಳತಿ ಬಿಟ್ಟು ಹೋಗುತ್ತೇನೆ ಎಂದಾಗ ನಾವು ವಕೀಲರ ಬಳಿ ಹೋದೆವು. ಅವರು ಕೇಳಿದ ಮೊದಲ ಪ್ರಶ್ನೆ, ಹೆಸರು ಯಾರದು? ಟ್ರೇಡ್‌ಮಾರ್ಕ್ ಅರ್ಜಿ ಹಾಕಿದ್ದೀರಾ? ಉಡುಪಿಗೆ 25ನೇ ವರ್ಗ, ವ್ಯಕ್ತಿಗಳಿಗೆ ಮತ್ತು ಸಣ್ಣ ಉದ್ಯಮಗಳಿಗೆ ಆನ್‌ಲೈನ್ ಶುಲ್ಕ 4,500 ರೂಪಾಯಿ. ಆರುನೂರು ಅಂಗಿಗೆ ದುಡ್ಡು ಸುರಿದವರು ಇದಕ್ಕೆ ಖರ್ಚು ಮಾಡಿರಲಿಲ್ಲ. ಆ ಮಧ್ಯಾಹ್ನ ವಕೀಲರ ಕಚೇರಿಯ ಬೆಂಚಿನ ಮೇಲೆ ಕುಳಿತು ಮೂವರೂ ಒಂದು ಹಾಳೆ ಬರೆದೆವು. ಅದನ್ನು ಅವರು ಆಮೇಲೆ ಕಾನೂನಿನ ಭಾಷೆಗೆ ತಿರುಗಿಸಿದರು, ಆದರೆ ನನಗೆ ಮೊದಲನೆಯದೇ ಇಷ್ಟ. ಬಟ್ಟೆ, ಬಣ್ಣ, ಅಳತೆ, ಅಕ್ಷರ, ಇವುಗಳಲ್ಲಿ ಗೆಳತಿಯ ಒಂದು 'ಬೇಡ' ಸಾಕು, ಕಾರಣ ಹೇಳಬೇಕಾಗಿಲ್ಲ. ಒಂದು ಸಲಕ್ಕೆ ಎಷ್ಟು ಹಣ ಹೂಡಬೇಕು ಎಂಬುದರಲ್ಲಿ ಗೆಳೆಯನ 'ಬೇಡ' ಸಾಕು. ಯಾವ ದಿನ ಮಾಲು ಹೊರಗೆ ಹೋಗಬೇಕು ಎಂಬುದರಲ್ಲಿ ನನ್ನದು. 'ಬೇಕು' ಎನ್ನಲು ಮಾತ್ರ ಮೂವರೂ ಬೇಕು. ಸಂಬಳ ಇಷ್ಟು. ಹೊರಗೆ ಹೋಗುವವರ ಪಾಲಿನ ಲೆಕ್ಕ ಹೀಗೆ.

ತಮಾಷೆ ಎಂದರೆ, ಹಾಳೆ ಬರೆದ ಮೇಲೆ ಹೋಗುತ್ತೇನೆ ಎಂದವಳು ಉಳಿದಳು. ಒಂದು ವರ್ಷದ ನಂತರ ಗೆಳೆಯ ಹೋದ. ಜಗಳವಾಗಲಿಲ್ಲ. ಅವನಿಗೆ ಮದುವೆಯಾಯಿತು, ಮಗುವಾಯಿತು, ತಿಂಗಳ ಸಂಬಳದ ಕೆಲಸ ಬೇಕಾಯಿತು. ಪಾಲನ್ನು ಹತ್ತು ಕಂತಿನಲ್ಲಿ ಕೊಟ್ಟೆವು. ಕೊನೆಯ ಕಂತು ಕಳೆದ ತಿಂಗಳು ಮುಗಿಯಿತು. ಈಗಲೂ ಸ್ಟ್ರೈಕ್ ಆಫ್ ಫೋಟೋ ಬಂದಾಗ ಅವನಿಗೂ ಕಳುಹಿಸುತ್ತೇವೆ. ಹೆಬ್ಬೆರಳು ಎತ್ತುವಂತಿಲ್ಲ ಎಂಬುದು ನಿಯಮ. ಪದವನ್ನು ಗಟ್ಟಿಯಾಗಿ ಓದಿ ಧ್ವನಿಮುದ್ರಿಸಿ ಕಳುಹಿಸಬೇಕು.

ಪ್ರಶ್ನೋತ್ತರದ ಸಮಯದಲ್ಲಿ ಒಬ್ಬ ವಿದ್ಯಾರ್ಥಿನಿ, ಆ ನೂರ ಇಪ್ಪತ್ತು ಅಂಗಿಗಳು ಏನಾದವು ಸರ್ ಎಂದು ಕೇಳಿದರು. ಮಾತಿನ ಭರದಲ್ಲಿ ಹೇಳಲು ಮರೆತಿದ್ದೆ. ಗೆಳತಿ ಅವುಗಳಲ್ಲಿ ಒಂದನ್ನೂ ಮಾರಲು ಬಿಡಲಿಲ್ಲ. ತಪ್ಪನ್ನೇ ಅಪರೂಪದ ಮಾಲು ಎಂದು ಹೆಚ್ಚು ಬೆಲೆಗೆ ಮಾರೋಣ ಎಂದು ನಾನೂ ಗೆಳೆಯನೂ ಆಸೆಪಟ್ಟಿದ್ದೆವು. ಕೊನೆಗೆ ನೂರಕ್ಕೂ ಹೆಚ್ಚನ್ನು ಒಳಮೈ ಹೊರಗೆ ಮಾಡಿ ಹೊಲಿಸಿ, ಗೊತ್ತಿದ್ದ ಗ್ಯಾರೇಜುಗಳ ಹುಡುಗರಿಗೆ ಕೆಲಸದ ಅಂಗಿಯಾಗಿ ಕೊಟ್ಟೆವು. ಒಂದು ಅಜ್ಜನ ಬಳಿ ಇದೆ. ಸಂಜೆ ಬಡಾವಣೆಯ ಅರಳಿಕಟ್ಟೆಯ ಮೇಲೆ ಅದನ್ನೇ ತೊಟ್ಟು ಕೂರುತ್ತಾರೆ. ಯಾರಾದರೂ ತಪ್ಪು ತೋರಿಸಿದರೆ, ಅಕ್ಷರ ಬಿಡು, ನೂಲು ನೋಡು ಎನ್ನುತ್ತಾರಂತೆ.